ಫರ್ನ್ ಗರಿಯ ಹಿಂದೆ ಸಾಲಾಗಿ ಕಂದು ಚುಕ್ಕೆ: ಹುಳವೋ, ಬೀಜವೋ? ಬಿತ್ತಿದರೆ ಗಿಡ ಬರುತ್ತದೆಯೇ?

ತಾರಸಿ_ತೋಟ:

ಬಾಲ್ಕನಿಯಲ್ಲಿ ನೇತುಹಾಕಿದ ಕುಂಡದಲ್ಲಿ ಫರ್ನ್ ಇದೆ. ಉದ್ದನೆಯ ಗರಿ, ಗರಿಯ ಎರಡೂ ಬದಿಗೆ ಬಾಚಣಿಗೆ ಹಲ್ಲಿನಂತೆ ಸಣ್ಣ ಎಲೆಗಳು. ಮೂರು ವಾರದಿಂದ ಎಲೆಗಳ ಹಿಂಬದಿಯಲ್ಲಿ ಕಂದು ಚುಕ್ಕೆಗಳಿವೆ. ಮುಂಬದಿ ಹಸಿರಾಗಿಯೇ ಇದೆ. ನರ್ಸರಿಯೊಂದರಲ್ಲಿ ಫೋಟೋ ತೋರಿಸಿದರೆ "ಶಲ್ಕ ಕೀಟ, ಔಷಧಿ ಹೊಡೀರಿ" ಅಂದರು. ಇನ್ನೊಬ್ಬರು "ಅದೇ ಬೀಜ, ಉದುರಿಸಿ ಬಿತ್ತಿ" ಅಂದರು.

ಚುಕ್ಕೆಯ ಪುಡಿಯನ್ನು ಒಂದು ಕುಂಡದ ಮಣ್ಣಿನ ಮೇಲೆ ಉದುರಿಸಿ ಐದು ವಾರ ಆಯ್ತು. ಮಣ್ಣಿನ ಮೇಲೆ ಹಸಿರು ಪೊರೆಯಂಥದ್ದು ಬಂದಿದೆ, ಫರ್ನ್ ಬಂದಿಲ್ಲ. ಕೇಳಬೇಕಾದ್ದು ಮೂರು: ಔಷಧಿ ಬೇಕಾ? ಆ ಹಸಿರು ಪೊರೆ ಏನು? ಒಂಬತ್ತನೇ ತರಗತಿಯ ಹುಡುಗಿಗೆ ಇದನ್ನೇ ತೋರಿಸಿ ಸಸ್ಯವರ್ಗಗಳನ್ನು ವಿವರಿಸಬೇಕೆಂದಿದ್ದರೆ ಎಲ್ಲಿಂದ ಶುರು ಮಾಡಬೇಕು?

ಎಲೆ_ಭೂತಗನ್ನಡಿ:

ಔಷಧಿ ಹೊಡೆಯಬೇಡಿ. ಮೊದಲು ಚುಕ್ಕೆಗಳು ಎಲ್ಲೆಲ್ಲಿವೆ, ಯಾವ ಕ್ರಮದಲ್ಲಿವೆ ನೋಡಿ. ಪ್ರತಿ ಸಣ್ಣ ಎಲೆಯಲ್ಲೂ ನಡುನರದ ಎರಡೂ ಬದಿಗೆ ಒಂದೊಂದು ಸಾಲು, ಅಳೆದು ಇಟ್ಟ ಹಾಗೆ ಸಮ ಅಂತರ, ಎಲೆಯ ಹಿಂಬದಿಯಲ್ಲಿ ಮಾತ್ರ ಎಂದಾದರೆ ಅದು ಗಿಡದ್ದೇ ಭಾಗ. ಹೆಸರು ಸೋರಸ್, ಅಂದರೆ ಬೀಜಕಕೋಶಗಳ (ಬೀಜಕ ಎಂಬ ಪುಡಿ ತುಂಬಿದ ಪುಟ್ಟ ಚೀಲಗಳ) ಗೊಂಚಲು. ಹುಳಕ್ಕೆ ಇಂಥ ಶಿಸ್ತು ಇರುವುದಿಲ್ಲ. ಶಲ್ಕ ಕೀಟ ಗರಿಯ ದಂಟಿನ ಮೇಲೂ ಕೂರುತ್ತದೆ, ಎಲೆಯ ಮುಂಬದಿಗೂ ಬರುತ್ತದೆ, ಒಂದು ಕಡೆ ಹತ್ತು, ಇನ್ನೊಂದು ಕಡೆ ಒಂದೂ ಇಲ್ಲ ಎನ್ನುವಂತೆ ಚದುರಿರುತ್ತದೆ. ಕೆಲವು ಜಾತಿಗಳಲ್ಲಿ ಕೆಳಗಿನ ಎಲೆ, ನೆಲ ಅಂಟಂಟಾಗಿ ಇರುವೆ ಹತ್ತುತ್ತವೆ. ಉಗುರಿನಲ್ಲಿ ಕೆರೆದರೆ ಒಂದು ಚಿಪ್ಪು ಇಡಿಯಾಗಿ ಎದ್ದು ಅಡಿಯಲ್ಲಿ ತೇವ ಕಾಣುತ್ತದೆ. ಸೋರಸ್ ಕೆರೆದರೆ ಒಣ ಪುಡಿಯಾಗುತ್ತದೆ.

ಅನುಮಾನ ಉಳಿದರೆ ಒಂದು ಗರಿಯ ತುಂಡನ್ನು ಬಿಳಿ ಕಾಗದದ ಮೇಲೆ ಹಿಂಬದಿ ಕೆಳಗಾಗುವಂತೆ ಇಟ್ಟು, ಫ್ಯಾನ್ ಗಾಳಿ ತಾಗದ ಕಡೆ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಚುಕ್ಕೆಗಳ ಸಾಲೇ ಪುಡಿಯಲ್ಲಿ ಅಚ್ಚಾಗಿದ್ದರೆ ತೀರ್ಮಾನ ಆಯ್ತು.

ಇನ್ನೊಂದು ಮಾತು. ಫರ್ನ್ ಎಲೆ ಬಹಳ ತೆಳು. ಬೇವಿನೆಣ್ಣೆ, ಸೋಪಿನ ನೀರು ಇತರ ಗಿಡಕ್ಕೆ ಹೊಡೆಯುವ ಪ್ರಮಾಣದಲ್ಲೇ ಹೊಡೆದರೆ ಗರಿಯ ತುದಿ ಸುಟ್ಟಂತಾಗುತ್ತದೆ. ಇಲ್ಲದ ಹುಳಕ್ಕೆ ಮದ್ದು ಮಾಡಲು ಹೋಗಿ ಇರುವ ಗರಿ ಕಳೆದುಕೊಳ್ಳುವುದು ಹೀಗೆಯೇ.

ಜರೀಗಿಡ_ಜೋಳಿಗೆ:

ಎರಡನೇ ಪ್ರಶ್ನೆಗೆ. ಆ ಪುಡಿ ಬೀಜ ಅಲ್ಲ, ಬೀಜಕ. ಬೀಜದೊಳಗೆ ಪುಟ್ಟ ಗಿಡ, ಅದಕ್ಕೆ ಬುತ್ತಿ, ಮೇಲೊಂದು ಸಿಪ್ಪೆ, ಮೂರೂ ಇರುತ್ತವೆ. ಬೀಜಕ ಅಂದರೆ ಒಂದೇ ಒಂದು ಜೀವಕೋಶ. ಅದರಲ್ಲಿರುವ ವರ್ಣತಂತುಗಳು (ಕ್ರೋಮೋಸೋಮ್) ತಾಯಿಗಿಡದ ಅರ್ಧದಷ್ಟು. ಆದ್ದರಿಂದ ಅದು ಮೊಳೆತಾಗ ನೇರವಾಗಿ ಫರ್ನ್ ಬರುವುದಿಲ್ಲ. ಮೊದಲು ಹೃದಯದ ಆಕಾರದ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ನೆಲಕ್ಕೆ ಅಂಟಿಕೊಂಡ ಹಸಿರು ತಟ್ಟೆ ಬರುತ್ತದೆ: ಪ್ರೋಥ್ಯಾಲಸ್. ಇದು ಬೇರೆಯದೇ ಗಿಡ. ಇದರ ಅಡಿಯಲ್ಲಿ ಗಂಡು ಭಾಗ, ಹೆಣ್ಣು ಭಾಗ ಬೆಳೆದು, ಪುರುಷಾಣು ನೀರಿನಲ್ಲಿ ಈಜಿ ಅಂಡಾಣುವನ್ನು ಸೇರಿದ ಮೇಲೆ ನೀವು ಕಾಯುತ್ತಿರುವ ಫರ್ನ್ ಹುಟ್ಟುತ್ತದೆ.

ಹಾಗಾಗಿ ಐದು ವಾರಕ್ಕೆ ಹಸಿರು ಪೊರೆ ಬಂದದ್ದು ಒಳ್ಳೆಯ ಸೂಚನೆಯೂ ಇರಬಹುದು, ಬರೀ ಪಾಚಿಯೂ ಇರಬಹುದು. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ ನೋಡಿ. ಲೋಳೆಯಾಗಿ ಹೊಳೆಯುತ್ತಾ, ಕಡ್ಡಿಯಲ್ಲಿ ಎತ್ತಿದರೆ ಕಲಸಿಹೋಗುವುದು ಪಾಚಿ. ಹಸಿರು ನೂಲಿನ ಬಲೆಯಂತಿದ್ದು ಅಲ್ಲಲ್ಲಿ ಸೂಜಿಮೊನೆಯಷ್ಟು ಎಲೆಯ ಗೊಂಡೆ ಏಳುತ್ತಿದ್ದರೆ ಹಾವಸೆ (ಮಾಸ್). ಒಂದರ ಪಕ್ಕ ಒಂದು ಪುಟ್ಟ ಪುಟ್ಟ ಚಪ್ಪಟೆ ಹಾಳೆಗಳು, ಅಡಿಯಲ್ಲಿ ಕೂದಲಿನಂಥ ಬೇರೆಳೆ, ತುದಿಯಲ್ಲಿ ಒಂದು ಕಚ್ಚು: ಇದು ನಿಮಗೆ ಬೇಕಾದ್ದು.

ಮತ್ತೊಮ್ಮೆ ಸರಿಯಾಗಿ ಮಾಡಬೇಕೆಂದಿದ್ದರೆ ಹೀಗೆ ಮಾಡಿ.

ಗರಿ ಆರಿಸುವಾಗ ಸೋರಸ್ ಹಸಿರಿನಿಂದ ಕಂದಿಗೆ ತಿರುಗುತ್ತಿರಬೇಕು. ಪೂರ್ತಿ ಹಸಿರಾದರೆ ಬಲಿತಿಲ್ಲ. ಕಡುಕಂದಾಗಿ ಹರಕು ಹರಕಾಗಿದ್ದರೆ ಬೀಜಕ ಆಗಲೇ ಹಾರಿಹೋಗಿದೆ, ನೀವು ಉದುರಿಸುತ್ತಿರುವುದು ಬರೀ ಹೊಟ್ಟು. ಬಹುಪಾಲು ಜನ ಸೋಲುವುದು ಇಲ್ಲೇ. ಗರಿಯನ್ನು ನುಣುಪಿಲ್ಲದ ಬರೆಯುವ ಕಾಗದದಲ್ಲಿ ಮಡಚಿ ಎರಡು ದಿನ ಇಡಿ. ಆಮೇಲೆ ಕಾಗದವನ್ನು ಓರೆಯಾಗಿಸಿ ಮೆಲ್ಲಗೆ ತಟ್ಟಿದರೆ ಹೊಟ್ಟು ಉರುಳಿ ಬೀಳುತ್ತದೆ, ಬೀಜಕದ ನಯವಾದ ಧೂಳು ಕಾಗದಕ್ಕೆ ಹಿಡಿದುಕೊಂಡಿರುತ್ತದೆ. ಅದನ್ನು ಕಾಗದದ ಪೊಟ್ಟಣದಲ್ಲೇ ಇಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ಉಳಿದ ತೇವಕ್ಕೆ ಬೂಸ್ಟು ಹಿಡಿಯುತ್ತದೆ.

ಮುಚ್ಚಳವಿರುವ ಪಾರದರ್ಶಕ ಸ್ವೀಟ್ ಡಬ್ಬಿ ಸಾಕು. ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು, ಸಣ್ಣ ಮರಳು ಒಂದು ಪಾಲು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೀರು ಬದಲಿಸಿ ತೊಳೆಯಲೇಬೇಕು. ಮಿಶ್ರಣವನ್ನು ನೀರು ಚಿಮುಕಿಸಿ ಒದ್ದೆ ಮಾಡಿ, ಸ್ಟೀಲ್ ಡಬ್ಬದಲ್ಲಿ ಕುಕ್ಕರಿಗಿಟ್ಟು, ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಮುಚ್ಚಿದಂತೆಯೇ ಪೂರ್ತಿ ಆರಲಿ. ಪ್ಲಾಸ್ಟಿಕ್ ಡಬ್ಬಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೂರು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಮಿಶ್ರಣ ತುಂಬಿ, ಕೂಡಲೇ ಮುಚ್ಚಿ.

ಬಿತ್ತುವಾಗ ಕೈ ಬಿಗಿ ಹಿಡಿಯಿರಿ. ಚಾಕುವಿನ ತುದಿಯಲ್ಲಿ ನಿಲ್ಲುವಷ್ಟು ಧೂಳು ಒಂದು ಡಬ್ಬಿಗೆ ಧಾರಾಳವಾಯ್ತು. ಅದನ್ನು ಮಡಚಿದ ಕಾಗದದಿಂದ ತಟ್ಟಿ ಉದುರಿಸಿ. ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನ ಕಿಟಕಿಯಲ್ಲೋ ಟ್ಯೂಬ್‌ಲೈಟಿನ ಅಡಿಯಲ್ಲೋ ಇಡಿ. ಬಿಸಿಲಿಗಿಟ್ಟರೆ ಮುಚ್ಚಿದ ಡಬ್ಬಿ ಇಡ್ಲಿ ಪಾತ್ರೆಯಾಗುತ್ತದೆ.

ಎರಡರಿಂದ ನಾಲ್ಕು ವಾರಕ್ಕೆ ಹಸಿರು ಛಾಯೆ, ಎರಡು ತಿಂಗಳ ಹೊತ್ತಿಗೆ ಹೃದಯಾಕಾರ. ಅಲ್ಲಿಯವರೆಗೆ ಮುಚ್ಚಳ ತೆಗೆಯುವ ಚಪಲ ಬೇಡ. ಹೃದಯಾಕಾರ ಕಂಡ ಮೇಲೆ ವಾರಕ್ಕೊಮ್ಮೆ, ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಸಿಂಪಡಿಸಿ. ಬರೀ ತೇವವಾಗಿದ್ದರೆ ಸಾಲದು, ತಟ್ಟೆಗಳ ಮೇಲೂ ಅಡಿಯಲ್ಲೂ ನೀರಿನ ಪೊರೆ ಹಬ್ಬಬೇಕು. ಈಜಲು ನೀರಿಲ್ಲದಿದ್ದರೆ ಪ್ರೋಥ್ಯಾಲಸ್ ತಿಂಗಳುಗಟ್ಟಲೆ ಹಾಗೆಯೇ ಕೂತಿರುತ್ತದೆ.

ತಾರಸಿ_ತೋಟ:

ಕಾಗದದ ಮೇಲೆ ಸಾಲಾಗಿ ಅಚ್ಚು ಬಿತ್ತು, ಹುಳದ ಮಾತು ಮುಗಿಯಿತು. ಲೆನ್ಸ್‌ನಲ್ಲಿ ನೋಡಿದರೆ ಚಪ್ಪಟೆ ಹಾಳೆಗಳೂ ಇವೆ, ನಡುನಡುವೆ ಲೋಳೆಯೂ ಇದೆ. ಹಾಳೆಗಳು ಒತ್ತೊತ್ತಾಗಿ ಒಂದರ ಮೇಲೊಂದು ಹತ್ತಿವೆ. ಬಿತ್ತುವಾಗ ಪುಡಿ ಜಾಸ್ತಿಯೇ ಹಾಕಿದ್ದೆ.

ಜರೀಗಿಡ_ಜೋಳಿಗೆ:

ಒತ್ತೊತ್ತಾಗಿದ್ದರೆ ಬೆಳಕಿಗೆ ಜಗಳ ಮಾತ್ರವಲ್ಲ, ಇನ್ನೊಂದು ತೊಡಕಿದೆ. ಅನೇಕ ಫರ್ನ್‌ಗಳಲ್ಲಿ ಮೊದಲು ಬೆಳೆದ ಪ್ರೋಥ್ಯಾಲಸ್‌ಗಳು ಆಂಥೆರಿಡಿಯೋಜೆನ್ ಎಂಬ ರಾಸಾಯನಿಕವನ್ನು ಸುತ್ತಲಿನ ನೀರಿಗೆ ಬಿಡುತ್ತವೆ. ಅದು ತಾಗಿದ ಎಳೆಯ ಪ್ರೋಥ್ಯಾಲಸ್‌ಗಳು ಗಂಡಾಗಿಬಿಡುತ್ತವೆ, ಚಿಕ್ಕದಾಗಿಯೇ ಉಳಿಯುತ್ತವೆ. ಡಬ್ಬಿ ತುಂಬ ಗಂಡು, ಅಂಡಾಣು ಇರುವವು ಬೆರಳೆಣಿಕೆ. ನೀರು ಎಷ್ಟು ಸಿಂಪಡಿಸಿದರೂ ಫರ್ನ್ ಬರುವುದು ಅಷ್ಟಕ್ಕಷ್ಟೆ.

ಪರಿಹಾರ ಸುಲಭ. ಚಿಮಟದಲ್ಲಿ ಅರ್ಧ ಸೆಂಟಿಮೀಟರ್ ಅಗಲದ ತುಣುಕುಗಳನ್ನು ಮಣ್ಣು ಸಮೇತ ಎತ್ತಿ, ಬೇಯಿಸಿದ ಹೊಸ ಮಿಶ್ರಣದ ಮೇಲೆ ಎರಡೆರಡು ಸೆಂಟಿಮೀಟರ್ ಬಿಟ್ಟು ಒತ್ತಿ ಕೂರಿಸಿ. ಲೋಳೆ ಹಿಡಿದ ಭಾಗವನ್ನು ತರಬೇಡಿ.

ಬಾಟನಿ_ಮೇಷ್ಟ್ರು:

ಮೂರನೇ ಪ್ರಶ್ನೆಗೆ ಬರುತ್ತೇನೆ. ಸಸ್ಯವರ್ಗಗಳ ಪಾಠದಲ್ಲಿ ಥ್ಯಾಲೋಫೈಟಾ (ಪಾಚಿಯಂಥವು), ಬ್ರಯೋಫೈಟಾ (ಹಾವಸೆಯಂಥವು), ಟೆರಿಡೋಫೈಟಾ (ಫರ್ನ್‌ನಂಥವು), ಅನಾವೃತಬೀಜ (ಬೀಜ ಕಾಯಿಯೊಳಗೆ ಇಲ್ಲದವು), ಆವೃತಬೀಜ (ಹೂಬಿಡುವವು, ಬೀಜ ಕಾಯಿಯೊಳಗೆ) ಎಂದು ಐದು ಹೆಸರು ಬರುತ್ತವೆ. ಮಕ್ಕಳು ಹೆಸರನ್ನೂ ಎರಡೆರಡು ಉದಾಹರಣೆಯನ್ನೂ ಬಾಯಿಪಾಠ ಮಾಡಿ ಮರೆಯುತ್ತಾರೆ. ಹೆಸರು ಆಮೇಲೆ ಇರಲಿ. ಒಂದೇ ಪ್ರಶ್ನೆ ಹಿಡಿದು ಹೊರಡಿ: ಅರ್ಧ ವರ್ಣತಂತುಗಳ ಗಿಡ ಎಲ್ಲಿದೆ, ಪೂರ್ಣ ವರ್ಣತಂತುಗಳ ಗಿಡ ಎಲ್ಲಿದೆ, ಯಾರು ಯಾರಿಗೆ ಊಟ ಹಾಕುತ್ತಿದ್ದಾರೆ?

ನೆಲದ ಮೇಲಿನ ಎಲ್ಲ ಸಸ್ಯಗಳ ಬದುಕೂ ಎರಡು ಪಾಳಿಯಲ್ಲಿ ನಡೆಯುತ್ತದೆ. ಒಂದು ಪಾಳಿಯ ಗಿಡ ಬೀಜಕ ಮಾಡುತ್ತದೆ, ಇನ್ನೊಂದು ಪಾಳಿಯ ಗಿಡ ಅಂಡಾಣು, ಪುರುಷಾಣು ಮಾಡುತ್ತದೆ. ಹಾವಸೆಯಿಂದ ಬೀಜಸಸ್ಯದವರೆಗೆ ಇದೇ ಎಳೆ ಹಾಯುತ್ತದೆ ಎಂದು 1851ರಲ್ಲಿ ತೋರಿಸಿದವರು ಜರ್ಮನಿಯ ಹೋಫ್‌ಮೈಸ್ಟರ್. ವಿಶ್ವವಿದ್ಯಾಲಯದ ಪದವಿಯಿಲ್ಲದೆ, ಮನೆಯ ಸಂಗೀತ ಪ್ರಕಾಶನದ ವ್ಯವಹಾರ ನೋಡಿಕೊಳ್ಳುತ್ತಾ ಸೂಕ್ಷ್ಮದರ್ಶಕ ಹಿಡಿದು ಕೂತ ಮನುಷ್ಯ.

ಹಾವಸೆಯಿಂದ ಶುರು ಮಾಡಿ. ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಹಸಿರು ಮಕಮಲ್ಲಿನಂತೆ ಇರುವುದು ಅರ್ಧ ವರ್ಣತಂತುಗಳ ಗಿಡ. ಅದರ ತಲೆಯ ಮೇಲೆ ಸಣ್ಣ ಕಡ್ಡಿ, ಕಡ್ಡಿಯ ತುದಿಗೆ ಪುಟ್ಟ ಮಡಕೆ ಕಂಡರೆ ಅದು ಪೂರ್ಣ ವರ್ಣತಂತುಗಳ ಮಗು. ಆ ಮಗು ಕೊನೆಯವರೆಗೂ ತಾಯಿಯ ಮೈಮೇಲೇ ನಿಂತು ತಾಯಿಯಿಂದಲೇ ಉಣ್ಣುತ್ತದೆ. ಮಡಕೆಯಿಂದ ಬೀಜಕ ಹಾರುತ್ತದೆ. ಹಾವಸೆಗೆ ನೀರು ಸಾಗಿಸುವ ಗಟ್ಟಿ ಕೊಳವೆಗಳಿಲ್ಲ, ನಿಜವಾದ ಬೇರಿಲ್ಲ. ಅದು ಸಾಮಾನ್ಯವಾಗಿ ಗೇಣುದ್ದ ಬೆಳೆಯದಿರುವುದಕ್ಕೆ ಇದೇ ಮುಖ್ಯ ಕಾರಣ.

ಫರ್ನ್‌ಗೆ ಬಂದರೆ ಇಬ್ಬರೂ ಬೇರೆ ಮನೆ ಮಾಡಿದ್ದಾರೆ. ಪ್ರೋಥ್ಯಾಲಸ್ ತನ್ನ ಪಾಡಿಗೆ ಹಸಿರಾಗಿ ಬದುಕುತ್ತದೆ, ಗರಿಯ ಗಿಡವೂ ಬಲಿತ ಮೇಲೆ ಸ್ವತಂತ್ರ. ಅದಕ್ಕೇ ಎರಡೂ ಪಾಳಿಯನ್ನು ಬರಿಗಣ್ಣಿಗೆ ತೋರಿಸಲು ಫರ್ನ್‌ಗಿಂತ ಒಳ್ಳೆಯ ಗಿಡ ಇಲ್ಲ. ನಿಮ್ಮ ಡಬ್ಬಿಯೇ ಪ್ರಯೋಗಾಲಯ. ಗರಿಯ ಗಿಡಕ್ಕೆ ಕೊಳವೆಗಳಿವೆ, ಆದ್ದರಿಂದ ಪಶ್ಚಿಮ ಘಟ್ಟದ ತೊರೆಗಳ ಬದಿಯ ಮರಜರಿಗಳು (ಮರದಂಥ ಫರ್ನ್‌ಗಳು) ತೆಂಗಿನ ಸಸಿಯ ಹಾಗೆ ಎತ್ತರಕ್ಕೆ ನಿಲ್ಲುತ್ತವೆ. ವರ್ಣತಂತುಗಳ ಲೆಕ್ಕದಲ್ಲೂ ಇವರು ದೊಡ್ಡ ಕುಳ: ಓಫಿಯೋಗ್ಲಾಸಮ್ ರೆಟಿಕ್ಯುಲೇಟಮ್ ಎಂಬ ಬೆರಳುದ್ದದ ಜರೀಗಿಡದಲ್ಲಿ 1260 ವರ್ಣತಂತುಗಳು, ಅಂದರೆ ಅದರ ಬೀಜಕದಲ್ಲಿ 630. ಈರುಳ್ಳಿಗೆ ಇರುವುದು 16.

ಸೈಕಸ್, ಪೈನ್ ಮುಂತಾದ ಅನಾವೃತಬೀಜದವರಲ್ಲಿ ಹೆಣ್ಣು ಪ್ರೋಥ್ಯಾಲಸ್‌ಗೆ ಸಮನಾದದ್ದು ಅಂಡಕದ (ಮುಂದೆ ಬೀಜವಾಗುವ ಭಾಗದ) ಒಳಗೇ ಅಡಗಿ ಕೂತಿದೆ, ಗಂಡಿನದು ಪರಾಗವಾಗಿ ಗಾಳಿಗೋ ಕೀಟಕ್ಕೋ ಹತ್ತಿದೆ. ಹೊರಗಿನ ನೀರಿನ ಹಂಗು ತಪ್ಪಿತು. ಆದರೂ ಹಳೆಯ ಚಾಳಿ ಪೂರ್ತಿ ಬಿಟ್ಟಿಲ್ಲ: ಸೈಕಸ್ ಮತ್ತು ಗಿಂಕೋ ಎಂಬ ಮರಗಳಲ್ಲಿ ಪುರುಷಾಣು ಈಗಲೂ ಈಜುತ್ತದೆ, ಅಂಡಕದೊಳಗಿನ ಹನಿ ದ್ರವದಲ್ಲಿ. ಇದನ್ನು 1896ರಲ್ಲಿ ಗಿಂಕೋದಲ್ಲಿ ಕಂಡವರು ಜಪಾನಿನ ಹಿರಾಸೆ, ಅದೇ ವರ್ಷ ಸೈಕಸ್‌ನಲ್ಲಿ ಇಕೆನೊ. ಡ್ರೈಫ್ರೂಟ್ ಅಂಗಡಿಯ ಚಿಲ್ಗೋಜ ಗೊತ್ತಲ್ಲ, ಅದು ಪೈನ್ ಬೀಜ. ನಾವು ತಿನ್ನುವ ಬಿಳಿ ತಿರುಳಿನ ಬಹುಪಾಲು ಅರ್ಧ ವರ್ಣತಂತುಗಳ ಹೆಣ್ಣು ಗಿಡವೇ. ಭ್ರೂಣ ಅದರ ನಡುವೆ ಕಡ್ಡಿಯ ಹಾಗೆ ಇರುತ್ತದೆ, ಸೀಳಿದರೆ ಕಾಣುತ್ತದೆ.

ಹೂಬಿಡುವವರಲ್ಲಿ ಅಂಡಕಕ್ಕೂ ಮೇಲೊಂದು ಮನೆ ಬಂತು: ಅಂಡಾಶಯ. ಅದೇ ಮುಂದೆ ಕಾಯಿ. ಹೆಣ್ಣು ಗಿಡ ಸಾಮಾನ್ಯವಾಗಿ ಏಳು ಜೀವಕೋಶ, ಎಂಟು ಕೋಶಕೇಂದ್ರಕ್ಕೆ ಇಳಿದಿದೆ. ಗಂಡು ಗಿಡ ಎರಡೋ ಮೂರೋ ಕೋಶದ ಪರಾಗ. ಈಜಾಟ ನಿಂತು, ಪರಾಗನಾಳವೇ ಪುರುಷಾಣುಗಳನ್ನು ಅಂಡಾಣುವಿನ ಬಾಗಿಲಿಗೆ ಒಯ್ಯುತ್ತದೆ. ಹೀಗೆ ಬಂದ ಎರಡರಲ್ಲಿ ಒಂದು ಅಂಡಾಣುವನ್ನು ಸೇರಿ ಭ್ರೂಣವಾದರೆ, ಇನ್ನೊಂದು ಮಧ್ಯದ ಎರಡು ಕೇಂದ್ರಗಳನ್ನು ಸೇರಿ ಭ್ರೂಣಕ್ಕೆ ಬುತ್ತಿಯಾಗುತ್ತದೆ. 1898ರಲ್ಲಿ ನವಾಶಿನ್ ಗುರುತಿಸಿದ ಈ ಜೋಡಿ ನಿಶೇಚನಕ್ಕೆ ಉದಾಹರಣೆ ಎಳನೀರು. ಎಳನೀರೂ ಗಂಜಿಯೂ ಆ ಬುತ್ತಿಯೇ, ಮೂರು ಪಾಲು ವರ್ಣತಂತುಗಳದ್ದು. ಪೈನ್ ನಿಶೇಚನಕ್ಕೆ ಮುಂಚೆಯೇ ಬುತ್ತಿ ಕಟ್ಟುತ್ತದೆ, ತೆಂಗು ನಿಶೇಚನ ಆದ ಮೇಲೆ ಕಟ್ಟುತ್ತದೆ. ಬೀಜ ಹೊರಗೆ, ಬೀಜ ಒಳಗೆ ಎಂಬ ವ್ಯತ್ಯಾಸಕ್ಕಿಂತ ಇದನ್ನು ಹೇಳಿದರೆ ಹುಡುಗಿಗೆ ಮರೆಯುವುದಿಲ್ಲ.

ಪರಾಗ ಎಂದರೆ ನಿಜಕ್ಕೂ ಒಂದು ಗಿಡವೇ ಎಂದು ಅನುಮಾನ ಬಂದರೆ, 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಶಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ ದತ್ತೂರದ ಪರಾಗಕೋಶಗಳನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಿ ಭ್ರೂಣಗಳನ್ನು ಪಡೆದದ್ದನ್ನು ಹೇಳಿ. ಅವು ಪರಾಗದಿಂದಲೇ ಹುಟ್ಟಿದ, ಅರ್ಧ ವರ್ಣತಂತುಗಳ ಸಸ್ಯಗಳು.

ಥ್ಯಾಲೋಫೈಟಾ ಬಿಟ್ಟೆ ಎಂದುಕೊಳ್ಳಬೇಡಿ. ಶೈವಲಗಳಲ್ಲಿ (ಪಾಚಿಗಳಲ್ಲಿ) ಒಂದೊಂದರದ್ದು ಒಂದೊಂದು ಬಗೆ, ಅದನ್ನು ಇಲ್ಲಿ ತುರುಕಿದರೆ ಗೊಂದಲವೇ ಹೆಚ್ಚು.

ಕುಂಡ_ಕರಣೆ:

ಮೇಲಿನ ಬಿತ್ತನೆ ವಿಧಾನ ಸರಿ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಯಾರೂ ಕೇಳಲಿಲ್ಲ. ನೇತುಹಾಕುವ ಕುಂಡದಲ್ಲಿ, ಬಾಚಣಿಗೆ ಎಲೆಯ ಫರ್ನ್ ಎಂದರೆ ಅದು ನೆಫ್ರೊಲೆಪಿಸ್. ನರ್ಸರಿಯಲ್ಲಿ ಬಾಸ್ಟನ್ ಫರ್ನ್ ಎಂದು ಮಾರುವ ತಳಿಯಾದರೆ ಅದರಲ್ಲಿ ಸೋರಸ್ ಬಂದರೂ ಬೀಜಕಗಳು ಸಾಮಾನ್ಯವಾಗಿ ಮುರುಟಿ ಬಂಜೆಯಾಗಿರುತ್ತವೆ. ಎಷ್ಟು ಬಿತ್ತಿದರೂ ಮೊಳೆಯುವುದಿಲ್ಲ, ಮೊಳೆತದ್ದು ಪಕ್ಕದ ಗೋಡೆಯ ಫರ್ನ್‌ನಿಂದ ಹಾರಿಬಂದದ್ದಿರುತ್ತದೆ. ಈ ತಳಿಯನ್ನು ಹೆಚ್ಚಿಸುವುದು ಎಳೆಬಳ್ಳಿಯಿಂದ: ಬುಡದಿಂದ ದಾರದಂಥ ಎಳೆಗಳು ಇಳಿಬಿದ್ದಿರುತ್ತವಲ್ಲ, ಅದನ್ನು ಪಕ್ಕದ ಕುಂಡದ ಮಣ್ಣಿಗೆ ಹೇರ್‌ಪಿನ್ ಚುಚ್ಚಿ ಕೂರಿಸಿದರೆ ಮರಿ ಬರುತ್ತದೆ. ಮರಿಗೆ ಮೂರು ನಾಲ್ಕು ಗರಿ ಬಂದ ಮೇಲೆ ಕತ್ತರಿಸಿ.

ಅದೇ ಕುಲದ ನೆಫ್ರೊಲೆಪಿಸ್ ಕಾರ್ಡಿಫೋಲಿಯಾ ಆದರೆ ಬೀಜಕ ಮೊಳೆಯುತ್ತದೆ. ಗುರುತು ಸುಲಭ. ಕುಂಡದ ಅಂಚಿನ ಮಣ್ಣು ಕೆದಕಿ: ಬೇರಿನ ಎಳೆಗಳಲ್ಲಿ ಕಡಲೆಯಿಂದ ದ್ರಾಕ್ಷಿಯ ಗಾತ್ರದ, ಕಂದು ಹೊಟ್ಟು ಮೆತ್ತಿದ ಗೆಡ್ಡೆಗಳು ಸಿಕ್ಕರೆ ಕಾರ್ಡಿಫೋಲಿಯಾ. ಒಳಗೆ ನೀರು ತುಂಬಿಟ್ಟುಕೊಳ್ಳುವ ಗೆಡ್ಡೆ ಅದು. ಅದಿಲ್ಲದೆ ಗರಿ ಸುರುಳಿ ಸುರುಳಿ, ಜಾಲರಿಯಂತಿದ್ದರೆ ಬಾಸ್ಟನ್ ಕಡೆಯ ತಳಿ.

ಜರೀಗಿಡ_ಜೋಳಿಗೆ:

ಒಪ್ಪಿದೆ, ಅದನ್ನು ಮೊದಲೇ ಹೇಳಬೇಕಿತ್ತು. ಬೀಜಕದಿಂದಲೇ ಬೆಳೆಸಿ ನೋಡಬೇಕು ಎನ್ನುವವರಿಗೆ ಖಾತ್ರಿಯಾದ ಗಿಡ ಬೇರೆ ಇದೆ: ಪ್ಟೆರಿಸ್ ವಿಟ್ಟಾಟಾ. ಹಳೆಯ ಗಾರೆ ಗೋಡೆ, ಬಾವಿಯ ಕಟ್ಟೆ, ಚರಂಡಿಯ ಇಟ್ಟಿಗೆ ಸಂದು, ಎಲ್ಲಿ ಸುಣ್ಣ ಇದೆಯೋ ಅಲ್ಲೆಲ್ಲ ಬರುತ್ತದೆ. ಇದರಲ್ಲಿ ದುಂಡು ಚುಕ್ಕೆ ಇರುವುದಿಲ್ಲ. ಎಲೆಯ ಅಂಚು ಹಿಂದಕ್ಕೆ ಮಡಚಿ, ಅದರಡಿಯಲ್ಲಿ ಉದ್ದಕ್ಕೂ ಕಂದು ಗೆರೆ ಇರುತ್ತದೆ. ಮಿಶ್ರಣದ ಮೇಲೆ ಇಟ್ಟಿಗೆಯ ಪುಡಿ ತೆಳ್ಳಗೆ ಹರಡಿ ಬಿತ್ತಿ. ಒಂದು ಎಚ್ಚರ: ಇದು ಮಣ್ಣಿನ ಆರ್ಸೆನಿಕ್ ಅನ್ನು ಹೀರಿ ಗರಿಯಲ್ಲಿ ಕೂಡಿಡುವ ಗಿಡ. ಹೀಗೆಂದು 2001ರಲ್ಲಿ ಪ್ರಕಟವಾಯ್ತು. ಚರಂಡಿ ಬದಿಯ ಗರಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ.

ಇನ್ನೂ ಸುಲಭ ಬೇಕಾದರೆ ಬಿಳಿಪಟ್ಟೆಯ ಪ್ಟೆರಿಸ್ ಕ್ರೆಟಿಕಾ ತನ್ನಿ. ಅದು ನಿಶೇಚನವನ್ನೇ ಬಿಟ್ಟುಕೊಟ್ಟಿದೆ. ಬೀಜಕದಲ್ಲೇ ವರ್ಣತಂತುಗಳು ಪೂರ್ತಿ, ಪ್ರೋಥ್ಯಾಲಸ್‌ನಿಂದ ನೇರವಾಗಿ ಫರ್ನ್ ಮೊಗ್ಗೊಡೆಯುತ್ತದೆ. ಮಾಮೂಲಿ ಫರ್ನ್‌ನ ಬೀಜಕಕೋಶದಲ್ಲಿ 64 ಬೀಜಕ ಇದ್ದರೆ ಇಂಥವುಗಳಲ್ಲಿ 32. ಮೇಷ್ಟ್ರ ಎರಡು ಪಾಳಿಯ ಲೆಕ್ಕಕ್ಕೆ ಇದು ತಲೆಹರಟೆ ವಿದ್ಯಾರ್ಥಿ.

ಬಾಟನಿ_ಮೇಷ್ಟ್ರು:

ತಲೆಹರಟೆಗಳ ಪಟ್ಟಿಗೆ ಇನ್ನಷ್ಟು ಸೇರಿಸಿ, ಹುಡುಗಿ ಪ್ರಾಜೆಕ್ಟಿಗೆ ಮಾದರಿ ಕೂಡಿಸುವಾಗ ಮೋಸ ಹೋಗದಿರಲಿ. ಬೊಕೆಗೆ ಹಾಕುವ ಅಸ್ಪರಾಗಸ್ ಫರ್ನ್ ಹೆಸರಿಗೆ ಮಾತ್ರ ಫರ್ನ್. ಅದು ಶತಾವರಿಯ ಕುಲ, ಹೂ ಬಿಟ್ಟು ಹಣ್ಣಾಗುತ್ತದೆ. ಕರಾವಳಿಯ ಗಾಳಿಮರವನ್ನು ಪೈನ್ ಜಾತಿಗೆ ಸೇರಿಸುವವರು ಬಹಳ. ಅದರ 'ಸೂಜಿ ಎಲೆ' ನಿಜದಲ್ಲಿ ಗಿಣ್ಣು ಗಿಣ್ಣಾದ ಕಡ್ಡಿ, 'ಕೋನು' ಹಣ್ಣುಗಳ ಗೊಂಚಲು. ಅದು ಹೂಬಿಡುವ ಮರ. ತಿರುಗಾಮುರುಗಾ ಉದಾಹರಣೆ ಪಶ್ಚಿಮ ಘಟ್ಟದ ನೀಟಮ್ ಬಳ್ಳಿ: ಎಲೆ ನೋಡಿದರೆ ಕಾಫಿ ಗಿಡದಂತೆ ಅಗಲ, ಆದರೆ ಅನಾವೃತಬೀಜ. ಹಸುಗಳಿಗೆ ಮೇವಾಗಿ ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲ ಪಾಚಿ ಅಲ್ಲ, ಅದು ಫರ್ನ್. ಒಡೆದು ಒಡೆದು ಹರಡುವುದರಿಂದ ಅದರ ಬೀಜಕ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ತಾರಸಿ_ತೋಟ:

ಕೆದಕಿದೆ. ಗೆಡ್ಡೆಗಳು ಸಿಕ್ಕವು, ದೊಡ್ಡದು ದ್ರಾಕ್ಷಿಯಷ್ಟಿದೆ. ಹಾಗಾದರೆ ಕಾರ್ಡಿಫೋಲಿಯಾ. ತುಣುಕುಗಳನ್ನು ಬಿಡಿಸಿ ಹೊಸ ಡಬ್ಬಿಗೆ ಹಾಕಿದ್ದೇನೆ. ಫರ್ನ್ ಕಂಡ ಮೇಲೆ ಕುಂಡಕ್ಕೆ ಯಾವಾಗ?

ಜರೀಗಿಡ_ಜೋಳಿಗೆ:

ಪ್ರೋಥ್ಯಾಲಸ್‌ನ ಕಚ್ಚಿನ ಅಡಿಯಿಂದ ಒಂದು ಪುಟ್ಟ ಎಲೆ ನೆಟ್ಟಗೆ ಎದ್ದರೆ ಅದೇ ಫರ್ನ್. ಮೊದಲ ಎಲೆ ದೊಡ್ಡ ಗರಿಯ ಹಾಗೆ ಕಾಣುವುದಿಲ್ಲ, ಕಳೆ ಎಂದು ಕೀಳಬೇಡಿ. ಮೂರು ನಾಲ್ಕು ಎಲೆ, ಎರಡು ಮೂರು ಸೆಂಟಿಮೀಟರ್ ಎತ್ತರ ಆಗುವವರೆಗೆ ಕಾಯಿರಿ. ಆಮೇಲೆ ಎರಡು ವಾರ ಮುಚ್ಚಳವನ್ನು ದಿನಕ್ಕಿಷ್ಟು ಸರಿಸುತ್ತಾ ಹೊರಗಿನ ಗಾಳಿಗೆ ಒಗ್ಗಿಸಿ. ಒಮ್ಮೆಲೇ ತೆಗೆದರೆ ಮಧ್ಯಾಹ್ನದೊಳಗೆ ಬಾಡುತ್ತವೆ. ಕುಂಡ ಟೀ ಲೋಟದಷ್ಟು ಚಿಕ್ಕದಿರಲಿ, ದೊಡ್ಡ ಕುಂಡದಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಮೊದಲೊಂದು ತಿಂಗಳು ಗೊಬ್ಬರ ಬೇಡ.